ಕಟ್ಟಿಹಾಕಿದ ದೋಣಿಯಲ್ಲಿ ಎರಡು ತಿಂಗಳು: ಸಾಗರದ ಅಕ್ಕನಿಗೆ ಉತ್ತರ

ಪ್ರಶ್ನೆ: ಸರ್, ನನಗೆ 61 ವರ್ಷ. ಸಾಗರ ತಾಲ್ಲೂಕಿನ ಹಳ್ಳಿ, ಅಡಿಕೆ ತೋಟ ಇದೆ. ಮಗಳು, ಅಳಿಯ ಅಮೆರಿಕದಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾರೆ. ಹೋದ ವರ್ಷ ಬಾಡಿಗೆ ಮನೆ ಬಿಟ್ಟು 38 ಅಡಿಯ ಹಾಯಿದೋಣಿ ತಗೊಂಡು ಅದರಲ್ಲೇ ಸಂಸಾರ ಮಾಡ್ತಿದ್ದಾರೆ. ಜೊತೆಗೆ ಮೂರು ವರ್ಷದ ಮೊಮ್ಮಗ. ಚಳಿಗಾಲಕ್ಕೆ ಅಂತ ಫ್ಲಾರಿಡಾದ ತುದಿಯಲ್ಲಿ ಮ್ಯಾರಥಾನ್ ಅನ್ನೋ ಊರಿನ ಮರೀನಾಕ್ಕೆ, ಅಂದ್ರೆ ದೋಣಿ ಕಟ್ಟಿ ನಿಲ್ಲಿಸೋ ಜಾಗಕ್ಕೆ, ಬಂದಿದ್ದಾರೆ. ಕೊನೆಕೊಯ್ಲು ಮುಗಿಸಿ ಜನವರಿಯಲ್ಲಿ ಬಾ, ಎರಡು ತಿಂಗಳು ಇದ್ದು ಹೋಗು ಅಂತಾರೆ. ನಾನು ದೋಣಿ ಅಂತ ಹತ್ತಿದ್ದು ಸಿಗಂದೂರು ಲಾಂಚ್ ಒಂದೇ. ನಮ್ಮನೆಯವರು, ಕಟ್ಟಿಹಾಕಿದ ದೋಣಿ ಎಲ್ಲಿಗೆ ಹೋಗುತ್ತೆ, ಸುಮ್ನೆ ಹೆದರ್ತೀಯ ಅಂತಾರೆ. ಪಕ್ಕದ ಮನೆಯವರು, ಸಮುದ್ರದ ಉಪ್ಪುಗಾಳಿಗೆ, ಮಳೆಗಾಲದಲ್ಲಿ ಏಳೋ ನಿನ್ನ ಉಬ್ಬಸ ಹೋಗುತ್ತೆ ಅಂತಾರೆ. ಆದರೆ ಮೊನ್ನೆ ವಿಡಿಯೋ ಕಾಲ್‌ನಲ್ಲಿ ನೋಡಿದೆ, ಬೆಳಿಗ್ಗೆ ದೋಣಿಯ ಗೋಡೆಯಲ್ಲಿ ನೀರು ಬೆವರಿಳಿದ ಹಾಗೆ ಇಳೀತಿತ್ತು. ರಾತ್ರಿ ಮುಳುಗಿದರೆ? ಕಕ್ಕಸು ಎಲ್ಲಿ? ಅಷ್ಟು ಚಿಕ್ಕ ಜಾಗದಲ್ಲಿ ಗ್ಯಾಸ್ ಒಲೆ ಹ್ಯಾಗೆ? ಮಗುವಿನ ಗತಿ ಏನು? ಕೊನೆಯದಾಗಿ, ನಗಬೇಡಿ, ಸಂಜೆ ದೇವರಿಗೆ ದೀಪ ಹಚ್ಚಬಹುದಾ?

ಉತ್ತರ: ನೀವು ನನಗಿಂತ ಮೂರು ವರ್ಷ ದೊಡ್ಡವರು, ಹಾಗಾಗಿ ಅಕ್ಕ ಅಂತಲೇ ಕರೆಯುತ್ತೇನೆ. ನಾನು ಹದಿನಾಲ್ಕು ವರ್ಷ ಸರಕು ಹಡಗುಗಳಲ್ಲಿ ಎಂಜಿನಿಯರ್ ಆಗಿದ್ದೆ. ಆಮೇಲೆ ಒಂಬತ್ತು ವರ್ಷ ಫ್ಲಾರಿಡಾದ ಒಂದು ದೋಣಿ ರಿಪೇರಿ ಯಾರ್ಡಿನಲ್ಲಿದ್ದೆ. ಇಂಥ ದೋಣಿಗಳ ತಳ, ವೈರು, ಪೈಪು ನೋಡುವುದೇ ಕೆಲಸ. ನಾಲ್ಕು ಚಳಿಗಾಲ ನಾನೂ ದೋಣಿಯಲ್ಲೇ ಇದ್ದೆ. ಈಗ ತೀರ್ಥಹಳ್ಳಿ ಹತ್ತಿರ ತೋಟ ನೋಡಿಕೊಂಡಿದ್ದೇನೆ.

ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆ ಇದ್ದರೂ ಒಳಗಿನ ಅಳುಕು ಒಂದೇ: ಸಮುದ್ರ. ನಾನು ಇದಕ್ಕೆ ಉಲ್ಟಾ ಹೇಳುತ್ತೇನೆ. ದಡಕ್ಕೆ ಕಟ್ಟಿದ ದೋಣಿಯಲ್ಲಿ ಸಮುದ್ರಕ್ಕಿಂತ ಮನೆಗೇ ಜಾಸ್ತಿ ಹೆದರಬೇಕು. ಕರೆಂಟು, ಗ್ಯಾಸು, ನಲ್ಲಿ ನೀರು, ಅನ್ನ ಬೇಯಿಸಿದ ಹಬೆ. ಇವು ದಡದ ಮನೆಯಲ್ಲಿ ಸಾಧುವಾಗಿರುತ್ತವೆ. ದೋಣಿ ಹತ್ತಿದ ಮೇಲೆ ಸ್ವಭಾವ ಬದಲಾಗುತ್ತದೆ.

ಸಮುದ್ರದ ಮಾತು ಮೊದಲು ಮುಗಿಸಿಬಿಡುತ್ತೇನೆ. ಅಲ್ಲಿ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ. ನೀವು ಹೋಗುವ ಜನವರಿ, ಫೆಬ್ರವರಿ ಒಣ ಹವೆಯ ತಿಂಗಳುಗಳು. ಹಗಲು 24–25 ಡಿಗ್ರಿ, ರಾತ್ರಿ 17–18. ನಮ್ಮ ಡಿಸೆಂಬರಿನ ಬೆಳಗಿಗಿಂತ ಬೆಚ್ಚಗೆ. ಆದರೆ ಆಗಾಗ ಉತ್ತರದಿಂದ ಚಳಿಗಾಳಿ ನುಗ್ಗುತ್ತದೆ. ಎರಡು ಮೂರು ದಿನ ಜೋರು ಗಾಳಿ, ಒಮ್ಮೆಲೇ ಚಳಿ. ಹತ್ತಿರದ ಕೀ ವೆಸ್ಟ್‌ನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ 5 ಡಿಗ್ರಿ. ಆ ಊರು ಹಿಮ ಕಂಡಿದ್ದೇ ಇಲ್ಲ. ಫ್ಲಾರಿಡಾದಲ್ಲಿ ಚಳಿ ತೀರಾ ಜಾಸ್ತಿಯಾದರೆ ಮರದ ಮೇಲಿನ ಇಗ್ವಾನಾಗಳು ಮರಗಟ್ಟಿ ಪಟಪಟ ಕೆಳಗೆ ಬೀಳುತ್ತವೆ. ಇಗ್ವಾನಾ ಅಂದರೆ ನಮ್ಮ ಉಡದಷ್ಟು ದೊಡ್ಡ ಓತಿಕ್ಯಾತ. ಹೆಚ್ಚಿನವು ಸತ್ತಿರುವುದಿಲ್ಲ, ಬಿಸಿಲು ಬಂದ ಮೇಲೆ ಎದ್ದು ಹೋಗುತ್ತವೆ. ಮೊಮ್ಮಗನಿಗೆ ಹೇಳಿ, ಖುಷಿಪಡುತ್ತಾನೆ.

ಇನ್ನು ನಿಮ್ಮ ಯಜಮಾನರ ಮಾತು. ಕಟ್ಟಿದ ದೋಣಿ ಎಲ್ಲಿಗೂ ಹೋಗುವುದಿಲ್ಲ ನಿಜ, ಆದರೆ ಕೆಳಗೆ ಹೋಗಬಹುದು. ನಡುನೀರಿನಲ್ಲಿ ಮುಳುಗುವ ದೋಣಿಗಳಿಗಿಂತ ಕಟ್ಟಿದ ಜಾಗದಲ್ಲೇ ಮುಳುಗುವವು ಜಾಸ್ತಿ. ಕಾರಣ ಅಲೆ ಅಲ್ಲ. ದೋಣಿಯ ತಳದಲ್ಲಿ ಬೇಕೆಂದೇ ಕೊರೆದ ತೂತುಗಳಿರುತ್ತವೆ. ಎಂಜಿನ್ ತಣ್ಣಗಾಗಲು ನೀರು ಒಳಗೆ ಬರುವುದಕ್ಕೆ ಒಂದು, ಕಕ್ಕಸಿಗೆ ಒಂದು, ಸಿಂಕಿನ ನೀರು ಹೊರಗೆ ಹೋಗಲು ಒಂದು. ಪ್ರತಿಯೊಂದಕ್ಕೂ ಒಂದು ವಾಲ್ವು, ಅದಕ್ಕೊಂದು ರಬ್ಬರ್ ಪೈಪು, ಪೈಪಿಗೆ ಕ್ಲಿಪ್ಪು. ಎರಡು ರೂಪಾಯಿಯ ಕ್ಲಿಪ್ಪು ತುಕ್ಕು ಹಿಡಿದು ಸಡಿಲವಾದರೆ ಸಾಕು. ಒಳಗೆ ಬಂದ ನೀರು ತಳದ ಗುಂಡಿಯಲ್ಲಿ ಸೇರುತ್ತದೆ, ಅದಕ್ಕೆ ಬಿಲ್ಜ್ ಅಂತಾರೆ. ಅಲ್ಲೊಂದು ಪಂಪು ತಾನಾಗಿಯೇ ಓಡಿ ನೀರನ್ನು ಹೊರಗೆ ಹಾಕುತ್ತದೆ. ಆ ಪಂಪು ಬ್ಯಾಟರಿಯಿಂದ, ಬ್ಯಾಟರಿ ಚಾರ್ಜ್ ಆಗುವುದು ದಡದ ಕರೆಂಟಿನಿಂದ. ಯಾರೂ ಇಲ್ಲದಾಗ ಕರೆಂಟು ಟ್ರಿಪ್ ಆಯಿತು ಅನ್ನಿ. ಪಂಪು ಎರಡು ದಿನ ಓಡುತ್ತದೆ, ಬ್ಯಾಟರಿ ಖಾಲಿ, ಮೂರನೇ ದಿನ ದೋಣಿ ತಳದಲ್ಲಿ. ಹೀಗೆ ಮುಳುಗಿದವುಗಳನ್ನು ಕ್ರೇನಿನಲ್ಲಿ ಎತ್ತಿಸಿ ನೋಡಿದ್ದೇನೆ. ನೀವು ಮೂರು ನಾಲ್ಕು ಜನ ಅಲ್ಲೇ ಉಣ್ಣುತ್ತ ಮಲಗುತ್ತ ಇರುವಾಗ ಇದು ಆಗುವುದು ಅಪರೂಪ, ಯಾಕೆಂದರೆ ಪಂಪಿನ ಸದ್ದು ಕಿವಿಗೆ ಬೀಳುತ್ತದೆ. ರಾತ್ರಿ ಮತ್ತೆ ಮತ್ತೆ ಗುರ್ ಅಂದರೆ ಅಳಿಯನನ್ನು ಎಬ್ಬಿಸಿ. ಸಂಕೋಚ ಬೇಡ.

ನನ್ನದೇ ಒಂದು ಕಥೆ ಇದೆ. ಮರೀನಾದಲ್ಲಿ ದಡದ ನಲ್ಲಿಯನ್ನು ಹೋಸ್ ಪೈಪಿನಿಂದ ನೇರವಾಗಿ ದೋಣಿಯ ಕೊಳಾಯಿಗೆ ಜೋಡಿಸಬಹುದು. ಟ್ಯಾಂಕು ತುಂಬುವ ರಗಳೆ ಇಲ್ಲ, ಮನೆಯ ಹಾಗೆ ನೀರು. ನಾನೂ ಹಾಗೇ ಮಾಡಿ, ಒಂದು ಶನಿವಾರ ಅಕ್ಕಿ ತರಲು ಪೇಟೆಗೆ ಹೋದೆ. ಸಿಂಕಿನ ಕೆಳಗಿನ ಪ್ಲಾಸ್ಟಿಕ್ ಜಾಯಿಂಟು ಒಡೆಯಿತು. ದೋಣಿಯ ಟ್ಯಾಂಕು ಆಗಿದ್ದರೆ ಇದ್ದ ನೀರು ಖಾಲಿಯಾಗಿ ನಿಲ್ಲುತ್ತಿತ್ತು. ದಡದ ನಲ್ಲಿಗೆ ಕೊನೆ ಎಲ್ಲಿ? ವಾಪಸ್ ಬಂದು ಬಾಗಿಲು ತೆಗೆದರೆ ಮೊಣಕಾಲು ಮಟ್ಟ ನೀರು, ಕುಕ್ಕರಿನ ಮುಚ್ಚಳ ತೇಲಿಕೊಂಡು ನನ್ನ ಕಡೆಗೇ ಬರುತ್ತಿತ್ತು. ಇಪ್ಪತ್ತು ವರ್ಷ ಪೈಪು ನೋಡಿದವನು ನಾನು! ಸಮುದ್ರದ ಒಂದು ಹನಿಯೂ ಇರಲಿಲ್ಲ ಅದರಲ್ಲಿ, ಪೂರ್ತಿ ಕುಡಿಯುವ ನೀರು. ಹಾಗಾಗಿ ದೋಣಿ ಬಿಟ್ಟು ಹೊರಡುವಾಗ ದಡದ ನಲ್ಲಿ ಬಂದ್ ಮಾಡುತ್ತಾರಾ ಅಂತ ಮಗಳನ್ನು ಕೇಳಿ. ಪ್ರತಿ ವಾಲ್ವಿನ ಪಕ್ಕ ಮರದ ಬೆಣೆ ಕಟ್ಟಿಟ್ಟಿದ್ದಾರಾ ಅಂತಲೂ ಕೇಳಿ. ಪೈಪು ಕಳಚಿದರೆ ತೂತಿಗೆ ಬಡಿಯುವುದಕ್ಕೆ ಅದು. ಇವೆರಡಕ್ಕೂ ಹೌದು ಅಂದರೆ ಅಳಿಯ ಕೆಲಸ ಬಲ್ಲವನು.

ಈಗ ಆ ಬೆವರುವ ಗೋಡೆ. ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇದೇ. ಅದು ಸೋರಿಕೆ ಅಲ್ಲ. ಹೊರಗಿನ ನೀರೂ ಅಲ್ಲ. ಅದು ನಿಮ್ಮ ಮಗಳ ಮನೆಯವರ ಉಸಿರು.

ಒಬ್ಬರು ರಾತ್ರಿಯಿಡೀ ಉಸಿರಾಡಿದರೆ ಸುಮಾರು ಒಂದು ಲೋಟ ನೀರು ಗಾಳಿಗೆ ಸೇರುತ್ತದೆ. ಮೂರು ಜನ ಒಂದು ಸಣ್ಣ ಕೋಣೆಯಷ್ಟು ಜಾಗದಲ್ಲಿ, ಚಳಿ ಅಂತ ಕಿಂಡಿಗಳನ್ನೆಲ್ಲ ಮುಚ್ಚಿ ಮಲಗಿದ್ದಾರೆ. ಮೇಲೆ ಅನ್ನದ ಹಬೆ, ಸ್ನಾನದ ಹಬೆ, ಒಳಗೆ ಹರವಿದ ಒದ್ದೆ ಟವೆಲ್. ಗ್ಯಾಸು ಉರಿದಾಗಲೂ ನೀರು ಹುಟ್ಟುತ್ತದೆ: ಒಂದು ಕಿಲೋ ಗ್ಯಾಸು ಉರಿದರೆ ಒಂದೂವರೆ ಲೀಟರಿಗೂ ಹೆಚ್ಚು ನೀರು ಹಬೆಯಾಗಿ ಗಾಳಿಗೆ ಸೇರುತ್ತದೆ. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ, ಆದರೆ ಲೆಕ್ಕ ಪಕ್ಕಾ. ಫೈಬರ್ ಗೋಡೆ ತೆಳ್ಳಗೆ, ಆಚೆ ತಣ್ಣನೆ ಗಾಳಿ, ನೀರು. ಒಳಗಿನ ಹಬೆ ತಣ್ಣನೆ ಗೋಡೆಗೆ, ಕಿಂಡಿಯ ಅಲ್ಯೂಮಿನಿಯಂ ಚೌಕಟ್ಟಿಗೆ ತಾಗಿ ಹನಿಗಟ್ಟುತ್ತದೆ. ಬಿಸಿ ಅನ್ನದ ಪಾತ್ರೆಯ ಮುಚ್ಚಳ ತೆಗೆದು ನೋಡಿ, ಅದೇ. ಬೆಚ್ಚಗಿನ ಊರು, ಥಂಡಿ ಎಲ್ಲಿಂದ ಬರುತ್ತದೆ ಅನ್ನುವವರು ಅಲ್ಲೂ ಇದ್ದಾರೆ. ಬೆಚ್ಚಗಿನ ಗಾಳಿ ಜಾಸ್ತಿ ನೀರು ಹಿಡಿದುಕೊಳ್ಳುತ್ತದೆ, ಒಂದು ತಣ್ಣನೆ ರಾತ್ರಿ ಬಂದರೆ ಎಲ್ಲ ಗೋಡೆಗೆ.

ಹನಿ ಒರೆಸಿದರೆ ಹೋಗುತ್ತದೆ. ತೊಂದರೆ ಕೊಡುವುದು ಕಣ್ಣಿಗೆ ಕಾಣದ ಜಾಗ. ಹಾಸಿಗೆಯ ಅಡಿ, ಬಟ್ಟೆ ಕಪಾಟಿನ ಹಿಂದೆ, ಸಾಮಾನು ತುರುಕಿದ ಮೂಲೆ. ಅಲ್ಲಿ ಬೂಸ್ಟು ಬರುತ್ತದೆ. ಆಷಾಢದಲ್ಲಿ ನಮ್ಮ ಮನೆಯ ಪೆಟ್ಟಿಗೆ ತೆಗೆದಾಗ ರೇಷ್ಮೆ ಸೀರೆಯಿಂದ ಬರುವ ಮುಗ್ಗಲು ವಾಸನೆ ನಿಮಗೆ ಗೊತ್ತಲ್ವಾ, ದೋಣಿಯ ಹಾಸಿಗೆ ಎತ್ತಿದರೂ ಅದೇ ವಾಸನೆ. ನಿಮ್ಮ ಉಬ್ಬಸ ಮಳೆಗಾಲದಲ್ಲೇ ಏಳುತ್ತದೆ ಅಂತೀರಿ. ಬೂಸ್ಟು ಉಬ್ಬಸ ಕೆಣಕುತ್ತದೆ ಅನ್ನುವುದು ವೈದ್ಯರಿಗೆಲ್ಲ ಗೊತ್ತಿರುವ ವಿಷಯ. ಹಾಗಾಗಿ ಉಪ್ಪುಗಾಳಿಗೆ ವಾಸಿಯಾಗುತ್ತದೆ ಅಂತ ನಂಬಿಕೊಂಡು ಹೋಗಬೇಡಿ. ಹೊರಗೆ ಕೂತಾಗ ಗಾಳಿ ಚೆನ್ನಾಗಿರುತ್ತದೆ, ಆದರೆ ನೀವು ಎಂಟು ಗಂಟೆ ಉಸಿರಾಡುವುದು ಒಳಗಿನ ಗಾಳಿ. ಉಪ್ಪಿನ ಇನ್ನೊಂದು ಗುಣವೂ ನಿಮಗೆ ಗೊತ್ತು, ಬಿಚ್ಚಿಟ್ಟರೆ ನೀರೊಡೆಯುತ್ತದೆ. ಉಪ್ಪುನೀರು ಸಿಡಿದ ಬಟ್ಟೆ ಪೂರ್ತಿ ಒಣಗುವುದೇ ಇಲ್ಲ. ಸಿಹಿನೀರಿನಲ್ಲಿ ತೊಳೆಯಲೇಬೇಕು. ನಾನು ವೈದ್ಯನಲ್ಲ, ಹೊರಡುವ ಮೊದಲು ನಿಮ್ಮ ಡಾಕ್ಟರಿಗೆ ಎಲ್ಲಿ ಮಲಗುತ್ತೀರಿ ಅನ್ನುವುದನ್ನು ಬಿಡಿಸಿ ಹೇಳಿ. ಇನ್ಹೇಲರ್ ಕೈಚೀಲದಲ್ಲಿರಲಿ, ವಿಮಾನಕ್ಕೆ ಹಾಕುವ ಸೂಟ್‌ಕೇಸಿನಲ್ಲಿ ಬೇಡ.

ಪರಿಹಾರ ಇಲ್ಲದಿಲ್ಲ. ಎರಡು ಕಿಂಡಿ, ಮುಂದೊಂದು ಹಿಂದೊಂದು, ನಾಲ್ಕು ಬೆರಳು ತೆರೆದಿಟ್ಟೇ ಮಲಗಬೇಕು. ಚಳಿಯಾದರೆ ಇನ್ನೊಂದು ಕಂಬಳಿ, ಆದರೆ ಕಿಂಡಿ ಮುಚ್ಚಕೂಡದು. ಹಾಸಿಗೆಯ ಕೆಳಗೆ ಗಾಳಿಯಾಡಲು ಪಟ್ಟಿ ಅಥವಾ ಜಾಲರಿ ಹಾಸಬೇಕು. ಗಾಳಿಯ ಪಸೆ ಹೀರುವ ಡಿಹ್ಯುಮಿಡಿಫೈಯರ್ ಅನ್ನುವ ಮಷೀನು ಸಿಗುತ್ತದೆ. ದಡದ ಕರೆಂಟು ಇದ್ದರೆ ದಿನವಿಡೀ ಓಡಿಸಬಹುದು. ನನ್ನ ದೋಣಿಯಲ್ಲಿ ಕೆಲವು ದಿನ ಎರಡು ಲೀಟರ್ ನೀರು ತೆಗೆದು ಚೆಲ್ಲಿದ್ದೇನೆ. ಅನ್ನಕ್ಕೆ ಕುಕ್ಕರೇ ಸರಿ. ಗ್ಯಾಸು ಕಡಿಮೆ, ಹಬೆ ಕಡಿಮೆ, ದೋಣಿ ವಾಲಿದರೂ ಚೆಲ್ಲುವುದಿಲ್ಲ. ಗಂಜಿ ಬಸಿಯುವ ಅಭ್ಯಾಸವನ್ನು ಎರಡು ತಿಂಗಳು ಬಿಡಿ.

ಒಂದನ್ನು ಮಾತ್ರ ಮಾಡಲೇಬೇಡಿ. ಮಳೆಗಾಲದಲ್ಲಿ ನಮ್ಮಲ್ಲಿ ಕೆಂಡದ ಮೇಲೆ ಬುಟ್ಟಿ ಕವುಚಿ ಬಟ್ಟೆ ಒಣಗಿಸುತ್ತೇವೆ, ಬಾಣಂತಿ ಕೋಣೆಗೆ ಕೆಂಡ ಇಡುತ್ತೇವೆ. ಹಂಚಿನ ಮನೆಯಲ್ಲಿ ನೂರು ಸಂದು ಇರುತ್ತಿತ್ತು, ನಡೆಯಿತು. ದೋಣಿ ಮುಚ್ಚಿದ ಡಬ್ಬಿ. ಚಳಿಯಾಯಿತು ಅಂತ ಗ್ಯಾಸ್ ಒಲೆ ಹಚ್ಚಿಟ್ಟು ಬಿಸಿ ಮಾಡಿಕೊಳ್ಳಲು ಹೋದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ. ಪಕ್ಕದ ದೋಣಿಯವರ ಜನರೇಟರ್ ಹೊಗೆಯಿಂದಲೂ ಇದು ಒಳಗೆ ಬರಬಹುದು. ಅದಕ್ಕೆ ಅಂತಲೇ ಅಲಾರಂ ಸಿಗುತ್ತದೆ. ನೀವು ಮಲಗುವ ಜಾಗದಲ್ಲೇ ಒಂದು ಇರಬೇಕು. ಮಗಳು ಬೇಕಾದರೆ ಬೈದುಕೊಳ್ಳಲಿ, ನೀವು ಹೋಗುವ ಮೊದಲೇ ಹಾಕಿಸಿ.

ಗ್ಯಾಸು ಗಾಳಿಗಿಂತ ಭಾರ. ನಮ್ಮ ಅಡುಗೆಮನೆಯಲ್ಲಿ ಸೋರಿದರೆ ನೆಲದ ಮೇಲೆ ಹರಡಿ, ಬಾಗಿಲ ಸಂದಿನಲ್ಲಿ ಹೊರಗೆ ಹೋಗುತ್ತದೆ. ದೋಣಿಯಲ್ಲಿ ಹೊರಗೆ ಹೋಗಲು ದಾರಿಯೇ ಇಲ್ಲ, ಬಿಲ್ಜ್‌ನಲ್ಲಿ ಬಾವಿ ನೀರಿನ ಹಾಗೆ ನಿಲ್ಲುತ್ತದೆ. ಒಂದು ಕಿಡಿ ಸಾಕು. ಅದಕ್ಕೇ ಸಿಲಿಂಡರನ್ನು ಹೊರಗೆ, ತಳದಿಂದ ಸಮುದ್ರಕ್ಕೆ ತೆರೆದುಕೊಳ್ಳುವ ಪೆಟ್ಟಿಗೆಯಲ್ಲಿ ಇಡುತ್ತಾರೆ. ಒಲೆಯ ಪಕ್ಕ ಒಂದು ಸ್ವಿಚ್ ಇರುತ್ತದೆ, ಅದನ್ನು ಆರಿಸಿದರೆ ಸಿಲಿಂಡರ್ ಹತ್ತಿರವೇ ಗ್ಯಾಸು ಬಂದ್. ಅಡುಗೆ ಮುಗಿದ ತಕ್ಷಣ ಆ ಸ್ವಿಚ್ ಆರಿಸುವುದು ನಿಮ್ಮ ಕೆಲಸ ಅಂತ ವಹಿಸಿಕೊಳ್ಳಿ. ಅಡುಗೆಕಟ್ಟೆ ಹೇಗೂ ನಿಮ್ಮ ಕೈಗೇ ಬರುತ್ತದೆ!

ಕರೆಂಟಿನ ಬಗ್ಗೆ ಎರಡೇ ಮಾತು. ಅಲ್ಲಿ 120 ವೋಲ್ಟ್, ಆ ಅಳತೆಯ ದೋಣಿಗೆ ಸಾಮಾನ್ಯವಾಗಿ 30 ಆಂಪಿಯರ್ ಲೈನು. ಹೀಟರು, ನೀರು ಕಾಯಿಸುವ ಜಗ್ಗು, ಗೀಸರು ಮೂರೂ ಒಟ್ಟಿಗೆ ಹಾಕಿದರೆ ಉಪ್ಪು ಹಿಡಿದ ಪ್ಲಗ್ ಬಿಸಿಯಾಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ದೋಣಿಗೆ ಬೆಂಕಿ ಬೀಳುವುದು ಎಷ್ಟೋ ಸಲ ಅಲ್ಲಿಂದಲೇ. ಇಲ್ಲಿಂದ ಮಿಕ್ಸಿ ಹೊತ್ತುಕೊಂಡು ಹೋಗಬೇಡಿ, ಆ ಕರೆಂಟಿಗೆ ಅದು ಚಟ್ನಿ ಕೂಡ ರುಬ್ಬುವುದಿಲ್ಲ. ಮತ್ತೆ, ನೀರು ಎಷ್ಟೇ ತಿಳಿಯಾಗಿದ್ದರೂ ಮರೀನಾದೊಳಗೆ ಯಾರೂ ಈಜಬಾರದು. ಕೆಟ್ಟ ವೈರಿಂಗಿನ ದೋಣಿಯಿಂದ ಕರೆಂಟು ನೀರಿಗೆ ಸೋರುತ್ತದೆ. ಇದು ಉಪ್ಪುನೀರಿಗಿಂತ ಸಿಹಿನೀರಿನಲ್ಲಿ ಇನ್ನೂ ಅಪಾಯ, ಕೇಳಿದವರಿಗೆ ಆಶ್ಚರ್ಯವಾಗುತ್ತದೆ. ಉಪ್ಪುನೀರಿನಲ್ಲಿ ಕರೆಂಟು ಸಲೀಸಾಗಿ ಹರಿದು ಹೋಗುತ್ತದೆ, ಸಿಹಿನೀರಿನಲ್ಲಿ ಅದಕ್ಕೆ ನಮ್ಮ ಮೈಯೇ ಸುಲಭದ ದಾರಿ.

ಕಕ್ಕಸು ಒಳಗೇ ಇರುತ್ತದೆ, ಚಿಕ್ಕದು. ಹೋದದ್ದು ಒಂದು ಟ್ಯಾಂಕಿಗೆ ಸೇರುತ್ತದೆ. ಮ್ಯಾರಥಾನ್ ಇರುವ ದ್ವೀಪಸಾಲಿಗೆ ಫ್ಲಾರಿಡಾ ಕೀಸ್ ಅಂತಾರೆ, ಅದರ ಸುತ್ತ ಸಂರಕ್ಷಿತ ಸಮುದ್ರ, ಅಲ್ಲಿ ಕಕ್ಕಸಿನ ನೀರನ್ನು ಸಮುದ್ರಕ್ಕೆ ಬಿಡುವಂತಿಲ್ಲ. ಪಂಪ್ ಮಾಡಿ ಕೊಂಡೊಯ್ಯುವ ವ್ಯವಸ್ಥೆ ಮರೀನಾದಲ್ಲಿ ಇರುತ್ತದೆ. ದೋಣಿಯವರ ನಿಯಮ ಒಂದೇ: ತಿಂದದ್ದು ಬಿಟ್ಟು ಬೇರೇನೂ ಅದರೊಳಗೆ ಹೋಗಬಾರದು. ಕಟ್ಟಿಕೊಂಡರೆ ಬಿಚ್ಚುವವನು ಅಳಿಯ, ಅದು ನೆನಪಿರಲಿ. ಸ್ನಾನಕ್ಕೆ ದಡದ ಬಚ್ಚಲಿಗೆ ಹೋಗಿ. ಹಂಡೆ ನೀರಿನ ಸ್ನಾನ ಮಾಡಿದವರಿಗೆ ದೋಣಿಯೊಳಗಿನ ಮೂರು ನಿಮಿಷದ ಶವರ್ ಸ್ನಾನ ಅನ್ನಿಸುವುದೇ ಇಲ್ಲ.

ನಿಮಗೂ ಮೊಮ್ಮಗನಿಗೂ ನಿಜವಾದ ಅಪಾಯ ಇರುವುದು ಡಾಕಿಗೂ (ದೋಣಿ ಕಟ್ಟುವ ಕಟ್ಟೆ) ದೋಣಿಗೂ ನಡುವಿನ ಒಂದೂವರೆ ಅಡಿಯಲ್ಲಿ. ದೋಣಿ ಉಸಿರಾಡುವ ಹಾಗೆ ಹತ್ತಿರ ಬರುತ್ತದೆ, ದೂರ ಹೋಗುತ್ತದೆ. ಹತ್ತಿರ ಬಂದಾಗ ಹೆಜ್ಜೆ ಇಡಿ, ಒಂದು ಕೈಯಲ್ಲಿ ಕಂಬಿ ಹಿಡಿದೇ ಇರಿ. ಕೈಚೀಲವನ್ನು ಮೊದಲು ಒಳಗೆ ಕೊಟ್ಟುಬಿಡಿ. ದೋಣಿ ಡಾಕಿಗೆ ಬಡಿಯುತ್ತದೆ ಅಂತ ಕಾಲು ಅಡ್ಡ ಕೊಡಬೇಡಿ, ಅದರ ತೂಕ ಏಳೆಂಟು ಟನ್. ಸೀರೆ ಬೇಡ ಅನ್ನಲು ನಾನ್ಯಾರು, ಆದರೆ ಹತ್ತಿ ಇಳಿಯುವಾಗ ಚೂಡಿದಾರ್ ವಾಸಿ. ಸೆರಗು ಸಿಕ್ಕಿಕೊಳ್ಳಲು ಅಲ್ಲಿ ಹತ್ತು ಕೊಕ್ಕೆಗಳಿವೆ. ಮಗುವಿಗೆ ಒಳಗಿನಿಂದ ಹೊರಗೆ ಕಾಲಿಟ್ಟ ಕ್ಷಣದಿಂದ ಲೈಫ್ ಜಾಕೆಟ್ ಇರಬೇಕು, ಕಾಲಸಂದಿಯಲ್ಲಿ ಪಟ್ಟಿ ಇರುವಂಥದ್ದು. ಪಟ್ಟಿ ಇಲ್ಲದಿದ್ದರೆ ಜಾಕೆಟ್ ತೇಲುತ್ತದೆ, ಮಗು ಜಾರುತ್ತದೆ. ಅಂಚಿನ ಕಂಬಿಗಳಿಗೆ ಸುತ್ತ ಬಲೆ ಕಟ್ಟಿರಬೇಕು.

ಇಷ್ಟೆಲ್ಲ ಓದಿ ಬೇಡಪ್ಪಾ ಅನ್ನಬೇಡಿ. ಅಲ್ಲಿಯ ಚಳಿಗಾಲ ನನಗೆ ಈಗಲೂ ನೆನಪಾಗುತ್ತದೆ. ಗುಡವಿ ಪಕ್ಷಿಧಾಮಕ್ಕೆ ಹಕ್ಕಿ ಬಂದ ಹಾಗೆ ಉತ್ತರದ ಊರುಗಳಿಂದ, ಕೆನಡಾದಿಂದ ದೋಣಿಗಳು ಬಂದು ಸೇರುತ್ತವೆ. ಜಾಸ್ತಿ ನಿಮ್ಮ ವಯಸ್ಸಿನವರೇ. ಬೆಳಿಗ್ಗೆ ರೇಡಿಯೋದಲ್ಲಿ ಒಬ್ಬರಿಗೊಬ್ಬರು ಮಾತು, ಯಾರಿಗೆ ಏನು ಬೇಕು, ಯಾರ ಹತ್ತಿರ ಏನು ಮಿಕ್ಕಿದೆ. ರಾತ್ರಿ ಒಂಬತ್ತಕ್ಕೆಲ್ಲ ಊರೇ ಮಲಗುತ್ತದೆ. ಮೊದಲ ರಾತ್ರಿ ದಿಂಬಿಗೆ ತಲೆ ಇಟ್ಟಾಗ ಗೋಡೆಯ ಆಚೆ ಸಾಸಿವೆ ಸಿಡಿದ ಹಾಗೆ ಚಟಚಟ ಕೇಳುತ್ತದೆ. ದೋಣಿ ಬಿರುಕು ಬಿಡುತ್ತಿದೆ ಅಂತ ನಾನೂ ಟಾರ್ಚ್ ಹಿಡಿದು ಎದ್ದಿದ್ದೆ. ಅವು ಬೆಚ್ಚಗಿನ ನೀರಿನ ಪುಟ್ಟ ಸಿಗಡಿಗಳು, ಕೊಂಡಿ ಚಿಟಿಕೆ ಹೊಡೆಯುವ ಸದ್ದು. ನಾಲ್ಕನೇ ರಾತ್ರಿ ಅದಿಲ್ಲದೆ ನಿದ್ದೆ ಬರುವುದಿಲ್ಲ. ಡಾಕಿನ ಹತ್ತಿರ ಮ್ಯಾನಟಿ ಅನ್ನುವ ಪ್ರಾಣಿ ಬರುತ್ತದೆ, ಎಮ್ಮೆಯಷ್ಟು ದೊಡ್ಡದು, ಅಷ್ಟೇ ಸಾಧು. ಹೋಸ್ ಪೈಪಿನ ಸಿಹಿನೀರಿಗೆ ಬಾಯಿ ಒಡ್ಡುತ್ತದೆ. ನಿಮಗೆ ಕರುಳು ಚುರುಕ್ ಅನ್ನುತ್ತದೆ, ಆದರೆ ನೀರು ಕೊಡಬೇಡಿ, ಅಲ್ಲಿ ಅದು ಕಾನೂನು ಪ್ರಕಾರ ತಪ್ಪು. ಸಂಜೆ ನಮ್ಮ ನುಸಿಯಂಥದ್ದೇ ಒಂದು ಹುಳ ಕಚ್ಚುತ್ತದೆ. ಸಾಮಾನ್ಯ ಸೊಳ್ಳೆಪರದೆಯ ಕಣ್ಣಲ್ಲೂ ತೂರಿ ಬರುವಷ್ಟು ಸಣ್ಣದು.

ಹಾಗಾದರೆ ಏನು ಮಾಡುವುದು? ಮೊದಲು ಮಗಳಿಗೆ ಇದೊಂದು ಕೇಳಿ: ದೋಣಿ ಡಾಕಿಗೆ ಕಟ್ಟಿದೆಯಾ ಅಥವಾ ನೀರಿನ ಮಧ್ಯೆ ಮೂರಿಂಗ್‌ಗೆ, ಅಂದರೆ ತಳಕ್ಕೆ ಬಿಗಿದ ತೇಲುಗುಂಡಿಗೆ, ಕಟ್ಟಿದೆಯಾ? ಮ್ಯಾರಥಾನ್ ಬಂದರಿನಲ್ಲಿ ಇನ್ನೂರಕ್ಕೂ ಹೆಚ್ಚು ಮೂರಿಂಗ್‌ಗಳಿವೆ, ಅಗ್ಗ ಅಂತ ಅಲ್ಲಿ ಇರುವವರು ಬಹಳ. ಅವರೂ ಮಾತಿಗೆ ಮರೀನಾ ಅಂತಲೇ ಹೇಳುತ್ತಾರೆ. ಅಲ್ಲಾದರೆ ದಡಕ್ಕೆ ಹೋಗಿ ಬರಲು ಪ್ರತಿ ಸಲ ಸಣ್ಣ ರಬ್ಬರ್ ದೋಣಿ, ದಡದ ಕರೆಂಟು ಇಲ್ಲ, ಹಾಗಾಗಿ ಡಿಹ್ಯುಮಿಡಿಫೈಯರ್ ಓಡಿಸುವುದು ಕಷ್ಟ. ಜೋರು ಗಾಳಿಯ ರಾತ್ರಿ ಉಬ್ಬಸ ಎದ್ದರೆ ದಡ ಸೇರುವುದೇ ಪಾಡು. ಮೂರಿಂಗ್ ಆದರೆ ಎರಡು ತಿಂಗಳು ಬೇಡ ಅಂತಲೇ ನನ್ನ ಅಭಿಪ್ರಾಯ. ದಡದಲ್ಲಿ ರೂಮು ಮಾಡಿ ಹಗಲು ದೋಣಿಗೆ ಹೋಗಿಬರಬಹುದು, ಆದರೆ ಜನವರಿ, ಫೆಬ್ರವರಿ ಅಲ್ಲಿ ಪ್ರವಾಸಿಗರ ಕಾಲ, ರೂಮಿನ ಬಾಡಿಗೆ ಕೇಳಿದರೆ ಅಡಿಕೆ ದರ ಮರೆತುಹೋಗುತ್ತದೆ.

ಡಾಕ್ ಆದರೆ ಹೋಗಿ. ಮೊದಲ ವಾರವನ್ನು ಪರೀಕ್ಷೆ ಅಂತ ಇಟ್ಟುಕೊಳ್ಳಿ, ದಿನಾಂಕ ಬದಲಿಸಬಹುದಾದ ಟಿಕೆಟ್ ತೆಗೆಸಿ. ನೀವು ಮಲಗುವ ಹಾಸಿಗೆಯನ್ನು ವಿಡಿಯೋ ಕಾಲ್‌ನಲ್ಲಿ ಎತ್ತಿ ತೋರಿಸಲು ಹೇಳಿ. ಕೆಳಗೆ ಕಪ್ಪು ಚುಕ್ಕೆ ಕಂಡರೆ ನೀವು ಹೋಗುವ ಮೊದಲೇ ತೊಳೆದು ಒಣಗಿಸಿರಬೇಕು. ಒಂದು ವಾರದಲ್ಲಿ ಎದೆ ಕಟ್ಟಿದರೆ ಹಟ ಬೇಡ, ರಾತ್ರಿ ದಡದಲ್ಲಿ ಮಲಗುವ ವ್ಯವಸ್ಥೆ ಮಾಡಿಕೊಳ್ಳಿ, ಇಲ್ಲವೇ ವಾಪಸ್ ಬನ್ನಿ. ಚಳಿಗಾಲ ಬಿಟ್ಟು ಮೇ, ಜೂನಿಗೆ ಹೋಗೋಣ ಅನ್ನುವ ಯೋಚನೆ ಮಾತ್ರ ಬೇಡ. ಸೆಕೆ, ಸೊಳ್ಳೆ, ಮೇಲೆ ಚಂಡಮಾರುತದ ಹೆದರಿಕೆ. ಉಪ್ಪಿನಕಾಯಿಯನ್ನು ಗಾಜಿನ ಭರಣಿಯಲ್ಲಿ ಒಯ್ಯಬೇಡಿ. ರಟ್ಟಿನ ಡಬ್ಬವನ್ನು ದೋಣಿಯೊಳಗೆ ತರಬೇಡಿ, ಅದರ ಮಡಿಕೆಯಲ್ಲಿ ಜಿರಳೆ ಮೊಟ್ಟೆ ಬರುತ್ತದೆ.

ದೀಪದ ಪ್ರಶ್ನೆಗೆ ನಗಲಿಲ್ಲ. ನನ್ನ ಅಮ್ಮ ಬಂದಿದ್ದಾಗ ಇದೇ ಕೇಳಿದ್ದರು. ಬೆಂಕಿ ಹಚ್ಚಿಟ್ಟು ಎದ್ದು ಹೋಗುವುದು ದೋಣಿಯಲ್ಲಿ ಕೂಡದು. ಯಾರ್ಡಿನವರು, ಸ್ಟೀಲ್ ಸಿಂಕಿನೊಳಗೆ ಇಟ್ಟು ಹಚ್ಚಿ ಅಂದರು. ಮುಸುರೆ ಜಾಗದಲ್ಲಿ ದೇವರ ದೀಪವಾ ಅಂತ ಅಮ್ಮ ಸಿಟ್ಟಾದರು. ಆಮೇಲೆ ಅವರೇ ಜಾಗ ಹುಡುಕಿದರು. ಹಾಯಿದೋಣಿಯ ಒಲೆ ತೊಟ್ಟಿಲಿನ ಹಾಗೆ ತೂಗುತ್ತಿರುತ್ತದೆ, ದೋಣಿ ಎಡಕ್ಕೆ ಬಲಕ್ಕೆ ವಾಲಿದರೂ ಅದು ಮಟ್ಟಸವಾಗಿ ನಿಲ್ಲುತ್ತದೆ. ಸುತ್ತ ಪಾತ್ರೆ ಜಾರದ ಹಾಗೆ ಕಟಾಂಜನ ಬೇರೆ. ಗ್ಯಾಸಿನ ಸ್ವಿಚ್ ಆರಿಸಿ, ಒಲೆ ಒರೆಸಿ, ತಟ್ಟೆಯಲ್ಲಿ ಪುಟ್ಟ ಹಣತೆ ಇಟ್ಟು, ಎಣ್ಣೆ ಅರ್ಧವೇ ಹಾಕಿ, ಕಿಂಡಿ ತೆರೆದಿಟ್ಟು ಹಚ್ಚುತ್ತಿದ್ದರು. ಅದು ಆರುವವರೆಗೆ ಎದುರಿಗೇ ಕೂತು ಶ್ಲೋಕ ಹೇಳುತ್ತಿದ್ದರು, ಹತ್ತು ನಿಮಿಷ. ಪಕ್ಕದ ದೋಣಿಯಲ್ಲಿ ಗಾಳಿಗೆ ಹಾಯಿಹಗ್ಗ ಕಂಬಕ್ಕೆ ಟಿಣ್ ಟಿಣ್ ಬಡಿಯುತ್ತಿತ್ತು. ಗಂಟೆ ಬಾರಿಸುವ ಕೆಲಸ ಅವರು ಅದಕ್ಕೇ ಬಿಟ್ಟಿದ್ದರು.